ನಿಶ್ಚಿತಾರ್ಥದ ನೀಲಿ ಸೀರೆ

ನಮ್ಮ ಮನೆಯಲ್ಲಿ ಮಾತಿಗಿಂತ ಮೊದಲು ಕೈ ಏಳುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಉಳಿದವರು ಅವ್ವ, ನಾನು, ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ತಂಗಿ. ಅವ್ವ ನಮಗೆ ಹೊಡೆಯುತ್ತಿದ್ದಳು, ನಾವು ಒಬ್ಬರಿಗೊಬ್ಬರು ಹೊಡೆದುಕೊಳ್ಳುತ್ತಿದ್ದೆವು. ಸೌಟು, ಪೊರಕೆ, ಕಾಫಿ ಗಿಡದ ಬರಲು ಕಡ್ಡಿ, ಕೈಗೆ ಸಿಕ್ಕಿದ್ದು. ನನ್ನ ಹುಬ್ಬಿನ ಮೇಲಿನ ಗುರುತು ಅವ್ವ ಬೀಸಿ ಎಸೆದ ಚೆಂಬಿನದು. ತಂಗಿಯ ಮುಂದಿನ ಹಲ್ಲು ಮುರಿದದ್ದು ನಾನು ಅವಳ ತಲೆಯನ್ನು ಬಾಗಿಲಿಗೆ ಗುದ್ದಿದಾಗ. ಹೇಳಿಕೊಳ್ಳುವಂಥ ಸಂಗತಿಗಳಲ್ಲ. ಆದರೆ ಇವನ್ನು ಬಿಟ್ಟು ನನ್ನ ನಿಶ್ಚಿತಾರ್ಥದ ದಿನದ ವಿಷಯ ಹೇಳಲು ನನಗೆ ಬರುವುದಿಲ್ಲ.

ಬೆಳಗೋಡಿನಿಂದ ಸ್ವಲ್ಪ ಒಳಗೆ ನಮ್ಮದು ಐದೆಕರೆ ಕಾಫಿ. ಅಪ್ಪನ ನಂತರ ತೋಟ ನೋಡಿಕೊಂಡವಳು ನಾನು. ಔಷಧಿ ಕ್ಯಾನು ಬೆನ್ನಿಗೆ ಕಟ್ಟಿಕೊಂಡು, ಮೆಣಸು ಕೊಯ್ಯುವ ಏಣಿ ಹೆಗಲ ಮೇಲೆ ಹೊತ್ತು, ಇಪ್ಪತ್ತಾರರ ಹೊತ್ತಿಗೆ ನನ್ನ ಭುಜ ಅಗಲವಾಗಿತ್ತು, ತೋಳು ಗಟ್ಟಿಯಾಗಿತ್ತು. ಮೊಣಕೈವರೆಗೆ ಒಂದು ಬಣ್ಣ, ಅದರ ಮೇಲೆ ಇನ್ನೊಂದು. ತೋಟದಲ್ಲಿ ಆ ಮೈಯ ಬಗ್ಗೆ ನನಗೆ ಹೆಮ್ಮೆಯೇ ಇತ್ತು. ಆಲೂರು ಕಡೆಯ ಹುಡುಗನೊಬ್ಬ ಒಪ್ಪಿ ದಿನ ಗೊತ್ತಾದ ಮೇಲೆ, ಅದೇ ಮೈಗೆ ಏನು ಉಡಿಸುವುದು ಎನ್ನುವುದು ಮನೆಯ ದೊಡ್ಡ ಸಂಕಟವಾಯಿತು.

ಸೀರೆ ನೀವೇ ಆರಿಸಿಕೊಳ್ಳಿ ಎಂದು ಗಂಡಿನ ಕಡೆಯವರು ಹೇಳಿದ್ದರು. ಮೂವರೂ ಸಕಲೇಶಪುರಕ್ಕೆ ಹೋದೆವು. ಎರಡು ಅಂಗಡಿ ಮುಗಿಸಿ ಮೂರನೆಯದಕ್ಕೆ ಹತ್ತಿದಾಗ ಅವ್ವನ ಮುಖ ಕೆಂಪೇರಿತ್ತು. ಗುಲಾಬಿ ಹೊದ್ದರೆ ಕಪ್ಪಗೆ ಕಾಣುತ್ತಿದ್ದೆ. ಹಳದಿಯಲ್ಲಿ ಕಾಯಿಲೆಯವಳ ಹಾಗೆ ಕಾಣುತ್ತಿದ್ದೆ. ಜರಿ ಹೆಚ್ಚಾದರೆ ಭುಜ ಇನ್ನೂ ಅಗಲವಾಗುತ್ತಿತ್ತು.

"ಗಂಡಸಿಗೆ ಸೀರೆ ಸುತ್ತಿದಂಗೈತೆ," ಎಂದಳು ಅವ್ವ, ಅಂಗಡಿಯವನಿಗೂ ಕೇಳುವ ಹಾಗೆ.

"ಹಂಗಾದ್ರೆ ಯಾವ್ದೂ ಬ್ಯಾಡ. ಚೂಡಿದಾರ ಹಾಕ್ಕೊಂಡು ಕೂತ್ಕತೀನಿ," ಎಂದೆ.

ಕೆನ್ನೆಗೆ ಏಟು ಬಿತ್ತು. ಕಿವಿ ಗುಂಯ್ ಎಂದಿತು. ಅಂಗಡಿಯವನು ಬೆನ್ನು ತಿರುಗಿಸಿ, ಮಡಚಿದ್ದ ಸೀರೆಯನ್ನೇ ಮತ್ತೆ ಮಡಚತೊಡಗಿದ. ನನ್ನ ಕೈ ಮುಷ್ಟಿಯಾಗಿತ್ತು. ಅವ್ವ ಅದನ್ನು ನೋಡಿ, "ಎತ್ತು ನೋಡಾನ," ಎಂದಳು. ಎತ್ತಲಿಲ್ಲ.

ಆಗ ತಂಗಿ ರಾಶಿಯೊಳಗಿಂದ ಒಂದು ನೀಲಿ ಸೀರೆ ಎಳೆದಳು. ಕಡುನೀಲಿ, ಸಣ್ಣ ಅಂಚು. "ಇದು ಅಕ್ಕಂಗೆ ಒಪ್ಪುತ್ತೆ ನೋಡವ್ವ," ಎಂದು, ತೋರಿಸಲು ತನ್ನ ಮೇಲೆಯೇ ಹೊದ್ದುಕೊಂಡಳು. ಅಂಗಡಿಯಲ್ಲಿದ್ದ ಹೆಂಗಸರೆಲ್ಲ ಅವಳತ್ತ ತಿರುಗಿದರು. ಅವ್ವನ ಮುಖದ ಬಿಗಿಯೂ ಸಡಿಲಿತು. ಅದನ್ನೇ ತೆಗೆದುಕೊಂಡೆವು. ನನಗೆ ನಿಜಕ್ಕೂ ಒಪ್ಪುತ್ತಿತ್ತು. ಆದರೆ ಕನ್ನಡಿಯಲ್ಲಿ ನೋಡಿಕೊಂಡಾಗಲೆಲ್ಲ ನನಗೆ ಕಂಡದ್ದು ಅದನ್ನು ಹೊದ್ದು ನಿಂತಿದ್ದ ಅವಳು.

ರವಿಕೆ ಮೂರು ಸಲ ಟೈಲರ್ ಹತ್ತಿರ ಹೋಗಿ ಬಂತು. ತೋಳು ಏರುತ್ತಿರಲಿಲ್ಲ. ಕೊನೆಗೆ ಅವನು ಒಳಗಿನ ಹೊಲಿಗೆಯೆಲ್ಲ ಬಿಚ್ಚಿ, ಇನ್ನು ಬಿಡಲು ಬಟ್ಟೆ ಇಲ್ಲ ಎಂದು ಕೈಚೆಲ್ಲಿದ.

ನಿಶ್ಚಿತಾರ್ಥದ ಬೆಳಿಗ್ಗೆ ಅಂಗಳದಲ್ಲಿ ಶಾಮಿಯಾನ ಎದ್ದಿತ್ತು. ಗಂಡಿನ ಕಡೆಯವರು ಹನ್ನೊಂದಕ್ಕೆ ಬರುವವರಿದ್ದರು. ನಾನು ಲಂಗ ರವಿಕೆಯಲ್ಲಿ ನಿಂತು ಸೀರೆಗೆ ಇಸ್ತ್ರಿ ಹಾಕುತ್ತಿದ್ದೆ. ರವಿಕೆ ತೋಳನ್ನು ಬಿಗಿಹಿಡಿದು ಬೆರಳು ಜೋಮು ಹಿಡಿದಿದ್ದವು. ತಂಗಿ ಒಳಗೆ ಬಂದು ಸೀರೆಯ ತುದಿ ಎತ್ತಿ ಹೆಗಲಿಗೆ ಹಾಕಿಕೊಂಡಳು.

"ಇದು ನಂಗೇ ಇರ್ಬೇಕಿತ್ತು ಕಣಕ್ಕ. ನಿನ್ನ ತೋಳಿಗೆ ಗೋಣಿಚೀಲ ಹೊಲಿಸ್ಬೇಕಷ್ಟೇ."

ನಗುತ್ತ ಹೇಳಿದಳು. ಅದು ನಮ್ಮ ಮನೆಯಲ್ಲಿ ದಿನಾ ಆಡುವ ಮಾತೇ. "ಬುಡೇ," ಎಂದೆ. ಅವಳು ಬಿಡದೆ ಎಳೆದಳು. ನಾನು ಅವಳ ಮಣಿಕಟ್ಟು ಹಿಡಿದು ಮೇಜಿಗೆ ಒತ್ತಿ, ಇನ್ನೊಂದು ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಅವಳ ಮುಂಗೈ ಮೇಲೆ ಇಟ್ಟೆ.

ತಾಗಿತು ಎಂದು ಬರೆದರೆ ಸುಳ್ಳಾಗುತ್ತದೆ. ಇಟ್ಟೆ, ಇಟ್ಟು ಒತ್ತಿದೆ. ಚರ್ಮ ಚುರ್ ಎಂದಿತು. ಆ ವಾಸನೆ ನನ್ನ ಮೂಗಿಗೆ ಬಂದಮೇಲೂ ನನ್ನ ಕೈ ಕೂಡಲೇ ಏಳಲಿಲ್ಲ. ಅವಳು ಮೊದಲು ನನ್ನ ಮುಖ ನೋಡಿದಳು. ಆಮೇಲೆ ಕಿರುಚಿದಳು.

ಅವ್ವ ಓಡಿಬಂದು, ನೋಡಿ, ಒಲೆಯ ಪಕ್ಕದ ಸೌದೆ ತಂದಳು. ಬೆನ್ನು, ಸೊಂಟ, ತೊಡೆ, ಹೊರಗೆ ಕಾಣದ ಕಡೆಯೆಲ್ಲ ಹೊಡೆದಳು. ಮುಖಕ್ಕೆ ಮಾತ್ರ ಹೊಡೆಯಲಿಲ್ಲ. ಆ ದಿನ ನನ್ನ ಮುಖ ಬೇಕಾಗಿತ್ತು. ಸೌದೆ ಮುರಿದಾಗ ನಿಲ್ಲಿಸಿ, ಏದುಸಿರು ಬಿಡುತ್ತ ಅಂದಳು: "ಜನ ಬರೋ ಹೊತ್ತಾಯ್ತು. ಇದು ಯಾರಿಗೂ ಗೊತ್ತಾಗಬಾರ್ದು."

ತಂಗಿಯ ಮುಂಗೈಗೆ ಟೂತ್‌ಪೇಸ್ಟ್ ಬಳಿದಳು. ಅವಳು ತೊಟ್ಟಿದ್ದ ಗಿಡ್ಡ ತೋಳಿನ ರವಿಕೆ ತೆಗೆಸಿ, ತನ್ನದೊಂದು ತುಂಬುತೋಳಿನ ರವಿಕೆ ತಂದಳು. ರವಿಕೆಯ ತೋಳು ಗಾಯದ ಮೇಲೆ ಜಾರುವಾಗ ತಂಗಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. "ಹಿಡ್ಕಳೇ ಇವಳನ್ನ," ಎಂದಳು ಅವ್ವ ನನಗೆ. ನಾನು ಹಿಡಿದುಕೊಂಡೆ. ಮಣಿಕಟ್ಟಿನ ಹುಕ್ಕು ಹಾಕಿದವಳೂ ನಾನೇ.

ಹನ್ನೊಂದೂವರೆಗೆ ನೀಲಿ ಸೀರೆಯುಟ್ಟು ಹಸೆಯ ಮೇಲೆ ಕೂತೆ. ಬೆನ್ನು ಉರಿಯುತ್ತಿತ್ತು. "ಹುಡುಗಿ ಲಕ್ಷಣವಾಗವ್ಳೆ, ಸೀರೆ ಚೆನ್ನಾಗ್ ಒಪ್ಪೈತೆ," ಎಂದು ಹೆಂಗಸರು ಆಡಿಕೊಂಡರು. ಹುಟ್ಟಿದಾರಭ್ಯ ಯಾರೂ ನನ್ನ ಬಗ್ಗೆ ಹಾಗೆ ಅಂದಿರಲಿಲ್ಲ. ಆ ಗಳಿಗೆಯಲ್ಲೂ ನನಗೆ ಖುಷಿಯಾಯಿತು. ಅದನ್ನೂ ಇಲ್ಲಿ ಹೇಳಬೇಕು.

ತಂಗಿ ಹಣ್ಣಿನ ತಟ್ಟೆ ಹಿಡಿದು ಬಂದಳು. ತೋಳಿನ ಬಟ್ಟೆ ಅಂಗೈಯಗಲ ಒದ್ದೆಯಾಗಿತ್ತು. ತಟ್ಟೆ ನಡುಗುತ್ತಿತ್ತು. ಹುಡುಗನ ತಾಯಿ, "ಬೀಳ್ತದೆ ಕಣವ್ವ," ಎಂದು ಅವಳ ಕೈಯನ್ನೇ ಹಿಡಿದುಬಿಟ್ಟರು. ತಂಗಿ ಚೀರಿ ಕುಸಿದಳು. ಹಣ್ಣು ಚಾಪೆಯ ತುಂಬ ಉರುಳಿದವು.

"ಏನಾಗೈತಮ್ಮ ಕೈಗೆ?"

"ಇಸ್ತ್ರಿ ಪೆಟ್ಟಿಗೆ ತಾಗ್ಬುಡ್ತು ಕಣ್ರೀ, ಬೆಳಿಗ್ಗೆ ಅವಸರದಲ್ಲಿ," ಎಂದಳು ಅವ್ವ.

"ತಾಗ್ಲಿಲ್ಲ," ಎಂದೆ ನಾನು. "ನಾನೇ ಸುಟ್ಟೆ."

ಅವ್ವ ಎಲ್ಲರ ಎದುರೇ ನನ್ನ ಕೂದಲಿಗೆ ಕೈ ಹಾಕಿದಳು. ಮುಡಿದ ಹೂವು ಕಿತ್ತು ಅವಳ ಕೈಗೆ ಬಂತು. ನಾನು ಅವಳನ್ನು ಜೋರಾಗಿ ತಳ್ಳಿದೆ, ಅವಳು ಹೋಗಿ ಶಾಮಿಯಾನದ ಕಂಬಕ್ಕೆ ಬಡಿದಳು. ಹುಡುಗ ಎದ್ದು ಎರಡು ಹೆಜ್ಜೆ ಹಿಂದೆ ಸರಿದ. ಅವನ ತಾಯಿ, ತಾವು ತಂದಿದ್ದ ತಟ್ಟೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಳ್ಳತೊಡಗಿದರು. ಯಾರೂ ಬೈಯಲಿಲ್ಲ. ಬೈಗುಳವಾಗಿದ್ದರೆ ನಮಗೆ ಅಭ್ಯಾಸವಿತ್ತು.

ನಾನು ತಂಗಿಯನ್ನು ಎಬ್ಬಿಸಿ ನಮ್ಮ ಹಳೇ ಜೀಪಿಗೆ ಹತ್ತಿಸಿದೆ. ಸೀರೆಯನ್ನು ಮೊಣಕಾಲವರೆಗೆ ಎತ್ತಿ ಸಿಕ್ಕಿಸಿಕೊಂಡು ಸಕಲೇಶಪುರದ ಆಸ್ಪತ್ರೆವರೆಗೆ ಓಡಿಸಿದೆ. ಗೇರ್ ಬದಲಿಸುವಾಗ ನನ್ನ ರವಿಕೆಯ ತೋಳು ಸೀಳಿಹೋಯಿತು. ಡಾಕ್ಟರು ಬಟ್ಟೆಯನ್ನು ಕತ್ತರಿಯಿಂದ ಕತ್ತರಿಸಿದರು. ಅಂಟಿಕೊಂಡಿದ್ದ ಕಡೆ ಚರ್ಮವೂ ಬಂತು. ನಾನು ಹೊರಗೆ ಹೋಗಲು ತಿರುಗಿದಾಗ, "ಇಲ್ಲೇ ನಿಂತ್ಕ," ಎಂದಳು ತಂಗಿ. ಮುಗಿಯುವವರೆಗೂ ನಿಂತೆ.

ಆಮೇಲೆ ಬೆಂಚಿನ ಮೇಲೆ ಕೂತಾಗ ಹೇಳಿದೆ, "ಸಿಟ್ಟಿದ್ರೆ ಹೊಡಿ ನಂಗೆ."

"ಹೊಡೆಯಲ್ಲ," ಎಂದಳು. "ಸುಟ್ಟಿದ್ದನ್ನ ಮರೀತೀನೋ ಏನೋ. ಆಮೇಲೆ ಆ ರವಿಕೆ ಹಾಕ್ಸಿ ಹುಕ್ಕು ಹಾಕ್ದೆಯಲ್ಲ, ಅದನ್ನ ಮಾತ್ರ ಮರೆಯಲ್ಲ ಕಣಕ್ಕ."

ಸಂಬಂಧ ಮುರಿಯಿತು. ಗಾಯ ಮಾಗಲು ಮೂರು ತಿಂಗಳು ಹಿಡಿಯಿತು. ಪಟ್ಟಿ ಬದಲಿಸುವ ಕೆಲಸ ನಾನೇ ಮಾಡಿದೆ, ಅವಳು ಗೋಡೆ ನೋಡುತ್ತ ಕೈ ಚಾಚುತ್ತಿದ್ದಳು. ನಾವಿಬ್ಬರು ಮತ್ತೆ ಹೊಡೆದುಕೊಳ್ಳಲಿಲ್ಲ. ಅವ್ವ ಒಮ್ಮೆ ಪೊರಕೆ ಎತ್ತಿದಾಗ ತಂಗಿ ಅದನ್ನು ಕಿತ್ತುಕೊಂಡು ತೋಟಕ್ಕೆ ಎಸೆದಳು. ಮರು ವರ್ಷ ಕೆಲಸ ಹಿಡಿದು ಹಾಸನಕ್ಕೆ ಹೋದಳು.

ಮೂರು ವರ್ಷದ ನಂತರ, ಆ ದಿನದ ಕಥೆಯೆಲ್ಲ ಗೊತ್ತಿದ್ದೂ ಒಪ್ಪಿದವನೊಬ್ಬನನ್ನು ಮದುವೆಯಾದೆ. ತಂಗಿ ಬಂದಳು. ಗಿಡ್ಡ ತೋಳಿನ ರವಿಕೆ ತೊಟ್ಟಿದ್ದಳು. ಇಸ್ತ್ರಿ ಪೆಟ್ಟಿಗೆಯ ಮೂತಿಯ ಆಕಾರದ ಕಲೆ ಮುಂಗೈ ಮೇಲೆ ಹೊಳೆಯುತ್ತಿತ್ತು. ಊಟದ ಸಾಲಿನಲ್ಲಿ ನನ್ನ ಗಂಡನ ಕಡೆಯ ಅಜ್ಜಿಯೊಬ್ಬರು, "ಇದೇನವ್ವ ಕೈ ಮೇಲೆ?" ಎಂದು ಕೇಳಿದರು.

"ಅಕ್ಕ ಸುಟ್ಟಿದ್ದು," ಎಂದು ನನ್ನತ್ತ ಬೆರಳು ಮಾಡಿದಳು.

ಅಜ್ಜಿ ನನ್ನನ್ನು ನೋಡಿದರು. "ಹೌದು," ಎಂದೆ. ತಂಗಿ ಎಲೆಯ ಮುಂದೆ ಕೂತು ನೀರು ಚಿಮುಕಿಸಿದಳು. ನಾನು ಪಾಯಸದ ಪಾತ್ರೆ ತಂದು ಅವಳಿಗೆ ಬಡಿಸಿದೆ. ಸಾಕು ಎನ್ನುವವರೆಗೂ ಬಡಿಸಿದೆ.