ಅಕ್ಕನ ಕಿವಿ

ಊರಿನವರು ಅವಳನ್ನು ತಲೆ ಮಾಡುವವಳು ಎಂದೇ ಕರೆಯುತ್ತಿದ್ದರು. ಕರೆಯಲಿ ಬಿಡಿ, ಅವಳು ಮಾಡುತ್ತಿದ್ದದ್ದೂ ಅದನ್ನೇ. ಸತ್ತವರ ಫೋಟೋ ತಂದುಕೊಟ್ಟರೆ ಭುಜದವರೆಗಿನ ಮೂರ್ತಿ ಮಾಡಿಕೊಡುತ್ತಿದ್ದಳು. ಕಲಾಶಾಲೆಯಲ್ಲಿ ಜೊತೆಗೆ ಓದಿದವರು ಕಬ್ಬಿಣದ ತುಂಡು ಬೆಸೆದು ಪ್ರದರ್ಶನ, ಪ್ರಶಸ್ತಿ ಎಂದು ಓಡಾಡುವಾಗಲೂ ಇವಳು ಜೇಡಿಮಣ್ಣು ಬಿಡಲಿಲ್ಲ. ಶಾಲೆಯ ಅಂಗಳ, ಆಸ್ಪತ್ರೆಯ ಬಾಗಿಲು, ರಸ್ತೆಗಳು ಕೂಡುವ ವೃತ್ತ, ಎಲ್ಲಿ ನೋಡಿದರೂ ಅವಳ ಕೈಯ ಮುಖಗಳೇ.

ಫೋಟೋದಲ್ಲಿ ಒಂದು ತೊಡಕಿದೆ. ಎದುರಿನಿಂದ ತೆಗೆದರೆ ಮೂಗು, ಬಾಯಿ ಸಿಗುತ್ತವೆ, ಕಿವಿ ಸರಿಯಾಗಿ ಸಿಗುವುದಿಲ್ಲ. ಕೂದಲೋ ನೆರಳೋ ನುಂಗಿರುತ್ತದೆ. ಅಲ್ಲಿ ಅವಳು ಅಕ್ಕನ ಕಿವಿ ಇಡುತ್ತಿದ್ದಳು. ಅಕ್ಕ ಚಿಕ್ಕಂದಿನಲ್ಲೇ ಜ್ವರ ಬಂದು ಹೋದವಳು, ಒಂದು ಫೋಟೋ ಕೂಡ ಇಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿ, ಗೋಡೆಯ ಕಡೆ ತಿರುಗಿದ ಅಕ್ಕನ ಕಿವಿಗೆ ಇವಳು ತನ್ನ ಗುಟ್ಟುಗಳನ್ನೆಲ್ಲ ಉಸುರುತ್ತಿದ್ದಳು. ಮುಖ ಮರೆತುಹೋಯಿತು, ಅಯ್ಯೋ, ಹೇಗೆ ಮರೆಯಿತೋ! ಉಳಿದದ್ದು ಕಿವಿಯೊಂದೇ. ಕಣ್ಣು ಮುಚ್ಚಿ, ಎಡಗೈಯಲ್ಲಿ ತನ್ನ ಕಿವಿಯ ಹಾಲೆ ಹಿಡಿದು ನೆನೆಯುತ್ತಾ, ಬಲಗೈಯಲ್ಲಿ ಮಣ್ಣು ತಿದ್ದುತ್ತಿದ್ದಳು. ಮಂತ್ರಿಗೂ ಅದೇ ಕಿವಿ, ಮೇಷ್ಟ್ರಿಗೂ ಅದೇ ಕಿವಿ ಎಂದು ಅವಳ ಮೂರ್ತಿಗಳಿಗೆ ಕಂಚಿನ ಎರಕ ಹೊಯ್ಯುವವನು ಕಾಲೆಳೆದರೆ ನಕ್ಕುಬಿಡುತ್ತಿದ್ದಳು. ವೃತ್ತ ದಾಟುವಾಗ ಅಲ್ಲಿನ ಮೂರ್ತಿಗೆ ಮೆಲ್ಲಗೆ "ಅಕ್ಕಾ, ಹೋಗ್ಬರ್ತೀನಿ" ಎಂದು ಹೇಳದೆ ಹೋದವಳಲ್ಲ. ಸತ್ತವಳು ಊರಿಡೀ ಕೂತು ಕೇಳಿಸಿಕೊಳ್ಳುತ್ತಿದ್ದಾಳೆ ಎಂಬುದೇ ಅವಳ ಭಯ, ಅದೇ ಧೈರ್ಯ.

ಕೂದಲು ನೆರೆಯತೊಡಗಿದ ಮೇಲೆ ಅಕ್ಕನನ್ನೇ ಮಾಡಲು ಕೂತಳು. ಕಿವಿಯಿಂದ ಶುರು ಮಾಡಿದರೆ ಮುಖ ತಾನಾಗಿ ಬಂದೀತು ಎಂಬ ಹಟ. ಎಲ್ಲಿಂದ ಬರಬೇಕು? ಬರೀ ಮಣ್ಣಿನ ಮುದ್ದೆ, ಅದರ ಪಕ್ಕದಲ್ಲಿ ಒಂದು ಕಿವಿ, ಹಾಗೇ ದಿನಗಟ್ಟಲೆ ನಿಂತಿತು. ಕಣ್ಣಿಲ್ಲದ ಆ ಮುದ್ದೆಗೆ ಬೆನ್ನು ಹಾಕಿ ಕೂರಲೂ ಅವಳಿಗೆ ಧೈರ್ಯವಾಗುತ್ತಿರಲಿಲ್ಲ. ಕೊನೆಗೆ ಅಮ್ಮನನ್ನು ಕೈಹಿಡಿದು ಕರೆತಂದಳು. ಅಕ್ಕನ ಕಿವಿ ಇಟ್ಟಿದ್ದೇನೆ, ಮುಖ ಹೇಗಿತ್ತು ಹೇಳು ಎಂದಳು.

ಅಮ್ಮ ಮುಖದ ಮಾತೇ ಎತ್ತಲಿಲ್ಲ. ಕಿವಿಯನ್ನೇ ದಿಟ್ಟಿಸಿದಳು.

"ಇದು ಅವಳದಲ್ಲ ಕಣೇ, ನಿಂದು. ಮಾಡೋವಾಗೆಲ್ಲ ನಿನ್ನ ಕಿವೀನೇ ಸವರಿ ಸವರಿ ನೋಡ್ಕೋತೀಯಲ್ಲ."

ಅವಳ ಕೈ ಆಗಲೂ ಅಲ್ಲೇ ಇತ್ತು. ಥಟ್ಟನೆ ಇಳಿಸಿದಳು. ಹಾಗಾದರೆ ಅಕ್ಕನದು ಹೇಗಿತ್ತು ಎಂದು ಕೇಳಿದಳು. ಅಮ್ಮ ಮಣ್ಣಿಗೆ ಬೆರಳು ಹಚ್ಚಿ, ಹಾಲೆಯನ್ನು ಸ್ವಲ್ಪ ಒತ್ತಿ, ಅಷ್ಟಕ್ಕೇ ನಿಲ್ಲಿಸಿದಳು.

"ಗೊತ್ತಾಗ್ತಿಲ್ಲ ಮಗಳೇ. ಊರೆಲ್ಲ ಇದನ್ನೇ ನೋಡಿ ನೋಡಿ, ಅವಳದನ್ನ ನೆನೆದ್ರೂ ಇದೇ ಅಡ್ಡ ಬರುತ್ತೆ."

ಉಳಿಸಿಕೊಂಡೆ ಎಂದುಕೊಂಡವಳನ್ನು ತಾನೇ ಅಳಿಸಿಬಿಟ್ಟಿದ್ದಳು. ಅಮ್ಮನ ಕಿವಿಯಲ್ಲಾದರೂ ಅಕ್ಕನದು ಏನಾದರೂ ಸಿಗುತ್ತದೇನೋ ಎಂದು ಹುಡುಕಿದಳು. ಅದು ಅಮ್ಮನ ಕಿವಿಯೇ ಆಗಿತ್ತು.

ಅಮ್ಮನನ್ನು ಮನೆಗೆ ಬಿಟ್ಟು ಬರುವಾಗ ವೃತ್ತ ಸಿಕ್ಕಿತು. ಸುಮ್ಮನೆ ದಾಟಿಬಿಡಬೇಕು ಎಂದುಕೊಂಡರೂ ಬಾಯಿ ಕೇಳಲಿಲ್ಲ. ಅಕ್ಕಾ, ಹೋಗ್ಬರ್ತೀನಿ ಎಂದಳು. ಅಂದದ್ದು ತನ್ನ ಕಿವಿಗೇ ಬಿತ್ತು.