ಕೆಂಪು ಟೋಪಿ ಬ್ಯಾಂಡಿನ ಮೊದಲನೇ ಮದುವೆ

ಇವತ್ತು ಬೆಳಗ್ಗೆ ಹೆಂಡತಿ ದೀಪದ ಕಂಬಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದಳು. ಹಿತ್ತಾಳೆಗೆ ಹುಳಿ ತಗುಲಿದಾಗ ಒಂದು ವಾಸನೆ ಏಳುತ್ತದಲ್ಲ, ಅರ್ಧ ಲೋಹ, ಅರ್ಧ ತಿಳಿಸಾರು, ಅದು ಮೂಗಿಗೆ ಬಡಿದದ್ದೇ ತಡ, ನನಗೆ ಪುಟ್ಟತಾಯಿ ಅತ್ತೆಯ ಮದುವೆ ನೆನಪಾಯಿತು. ಬಾಬುರಾಯನಕೊಪ್ಪಲಿನ ನಮ್ಮ ಮನೆಯ ಹಿತ್ತಲು. ಬಾವಿಕಟ್ಟೆಯ ಮೇಲೆ ಸಾಲಾಗಿ ಕೂತ ಬ್ಯಾಂಡಿನ ಹುಡುಗರು. ಅಜ್ಜಿ ಕೊಟ್ಟ ಹುಣಸೆಹಣ್ಣಿನಿಂದ ತಮ್ಮ ತಮ್ಮ ತುತ್ತೂರಿಗಳನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದಾರೆ. ಕಿಲುಬಿನ ಹಸಿರು ನೀರು ಬಾಳೆಗಿಡದ ಬುಡಕ್ಕೆ ಹರಿಯುತ್ತಿದೆ. ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದೇ ತೊಂದರೆ, ಆ ಮದುವೆ ನಡೆದಾಗ ನಾನಿನ್ನೂ ಹುಟ್ಟಿರಲಿಲ್ಲ.

ನೀವು ಗಾಬರಿಯಾಗಬೇಡಿ. ಇಂಥವು ನನ್ನಲ್ಲಿ ಇನ್ನೂ ಹಲವು ಇವೆ. ನಾನು ನೋಡದ ಜಾತ್ರೆ, ತಿನ್ನದ ಊಟ, ಹತ್ತಿ ಬೀಳದ ಮರ ಎಲ್ಲವೂ ನೆನಪಿನಲ್ಲಿ ಅಚ್ಚುಕಟ್ಟಾಗಿವೆ. ನಿಜವಾಗಿ ಬಿದ್ದ ಮರದ ನೆನಪು ಮಾತ್ರ ಮಸುಕು. ಹಾಗಾಗಿ ಯಾವುದಾದರೂ ನೆನಪು ತೀರಾ ಚೊಕ್ಕಟವಾಗಿ ಎದುರು ಬಂದು ನಿಂತರೆ, ಇದನ್ನು ಯಾರೋ ಚೆನ್ನಾಗಿ ಉಜ್ಜಿದ್ದಾರೆ ಎಂದು ಅನುಮಾನ ಪಡುವುದು ನನ್ನ ಅಭ್ಯಾಸ.

ಇದನ್ನು ಉಜ್ಜಿದವಳು ಅತ್ತೆಯೇ, ನನ್ನ ಅಪ್ಪನ ತಂಗಿ. ನಮ್ಮ ಕಡೆ ಒಂದು ಕಾಲಕ್ಕೆ ಕೆಂಪು ಟೋಪಿ ಬ್ಯಾಂಡ್ ಎಂದರೆ ದೊಡ್ಡ ಹೆಸರು. ಅದು ಸಿಗದಿದ್ದರೆ ಮದುವೆಯನ್ನೇ ಮುಂದಕ್ಕೆ ಹಾಕುತ್ತಿದ್ದರಂತೆ. ಹಾಗೆ ಹೇಳುವವರೆಲ್ಲ ಬ್ಯಾಂಡ್ ಸಿಕ್ಕಿದವರೇ ಆದ್ದರಿಂದ ಪೂರ್ತಿ ನಂಬುವುದು ಕಷ್ಟ. ಆ ಬ್ಯಾಂಡು ಹುಟ್ಟಿದ ಮೇಲೆ ಬಾರಿಸಿದ ಮೊಟ್ಟಮೊದಲ ಮದುವೆ ತನ್ನದು ಎನ್ನುವುದು ಅತ್ತೆಯ ಹೆಮ್ಮೆ. ಆಗಿನ್ನೂ ಅವರಿಗೆ ಟೋಪಿ ಬಂದಿರಲಿಲ್ಲವಂತೆ. ಯಾವ ಮದುವೆಗೆ ಹೋಗಲಿ, ವಾಲಗವೋ ಬ್ಯಾಂಡೋ ಕಿವಿಗೆ ಬಿದ್ದ ಕೂಡಲೇ ಅತ್ತೆ ಕಥೆ ಶುರು ಮಾಡುತ್ತಿದ್ದಳು. ಮಾವ ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದರು. ಮಾವನದು ಮಾತು ಕಡಿಮೆ. ಆದರೆ ಅವರು ತಲೆಯಾಡಿಸಿದರೆ ಅದರ ಮೇಲೆ ಯಾರೂ ಮಾತಾಡುತ್ತಿರಲಿಲ್ಲ.

ಒಬ್ಬಳನ್ನು ಬಿಟ್ಟು. ಅದು ಅತ್ತೆಯ ವಾರಗಿತ್ತಿ, ಮಾವನ ತಮ್ಮನ ಹೆಂಡತಿ ಜಯಮ್ಮ. ನಾವು ಚಿಕ್ಕತ್ತೆ ಎನ್ನುತ್ತೇವೆ. ಅಕ್ಕಿಹೆಬ್ಬಾಳಿನವಳು. ಕಿರಂಗೂರಿನ ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿಕೊಂಡು ಇಬ್ಬರೂ ಸಂಸಾರ ಮಾಡಿದವರು. ಒಲೆ ಎರಡು, ಅಂಗಳ ಒಂದು. ಚಿಕ್ಕತ್ತೆಯ ಮದುವೆಗೂ ಅದೇ ಬ್ಯಾಂಡು ಬಂದಿತ್ತು. ಆ ವೇಳೆಗೆ ಅವರಿಗೆ ಹೆಸರೂ ಬಂದಿತ್ತು, ಟೋಪಿಯೂ ಬಂದಿತ್ತು. ಅತ್ತೆ ಕಥೆ ಹೇಳುವಾಗಲೆಲ್ಲ ಚಿಕ್ಕತ್ತೆ ಎದ್ದು ಹೋಗಿ ಪಾತ್ರೆ ಸದ್ದು ಮಾಡುವಳು. ಕಥೆ ಮುಗಿದ ಮೇಲೆ ಒಂದೇ ಮಾತು ಎಸೆಯುವಳು.

"ನಿನ್ ಮದ್ವೆಗೆ ಬರೀ ತಲೇಲಿ ಬಂದಿದ್ರು ಬುಡಕ್ಕ. ನಮ್ಮಪ್ಪ ಟೋಪಿ ಹಾಕ್ಸಿ ಕರ್ಸಿದ್ದ."

ಅತ್ತೆ ಮಾವನ ಕಡೆ ನೋಡುವಳು. ಮಾವ ಇನ್ನೊಮ್ಮೆ ತಲೆಯಾಡಿಸುವರು. ಅಲ್ಲಿಗೆ ಆ ದಿನದ ವ್ಯಾಜ್ಯ ಮುಗಿಯುತ್ತಿತ್ತು.

ಮಾವ ತೀರಿಕೊಂಡ ಮೇಲೆ ಅತ್ತೆ ಆ ಕಥೆ ಬಿಟ್ಟುಬಿಟ್ಟಳು. ಬ್ಯಾಂಡಿನ ಸದ್ದು ಬಂದರೂ ಎಲೆ ನೋಡಿಕೊಂಡು ಉಣ್ಣುತ್ತಿದ್ದಳು. ಚಿಕ್ಕತ್ತೆಗೂ ಏನೋ ಕಳೆದುಹೋದ ಹಾಗೆ ಆಗಿರಬೇಕು. ಎರಡು ಮೂರು ಸಲ ಬೇಕೆಂದೇ ಟೋಪಿಯ ಮಾತು ತೆಗೆದು ಕೆಣಕಿದ್ದನ್ನು ನಾನೇ ಕೇಳಿದ್ದೇನೆ. ಅತ್ತೆ ಕೆಣಕಿಸಿಕೊಳ್ಳಲಿಲ್ಲ.

ಹೀಗಿರುವಾಗ ಹೋದ ವರ್ಷ ನನ್ನ ಮೊಬೈಲಿಗೆ ಒಂದು ಆಹ್ವಾನ ಬಂತು. ಪಾಂಡವಪುರದಲ್ಲಿ ಭಾನುವಾರ ಇತಿಹಾಸದ ಪ್ರೊಫೆಸರೊಬ್ಬರ ಉಪನ್ಯಾಸ, ವಿಷಯ ಕೆಂಪು ಟೋಪಿ ಬ್ಯಾಂಡಿನ ಆರಂಭದ ದಿನಗಳು. ಕಿರಂಗೂರಿಗೆ ಹೋಗಿ ಅತ್ತೆಗೆ ಓದಿ ಹೇಳಿದೆ. ಅವರು ಇದನ್ನು ಪುಸ್ತಕ ಮಾಡುತ್ತಾರಾ ಎಂದು ಕೇಳಿದಳು. ಮಾಡಬಹುದು ಎಂದೆ. ಆಗ ಹೇಳಿದಳು:

"ಅಂಗಾದ್ರೆ ನನ್ನ ಕರ್ಕಂಡೋಗ್ಲಾ ಮಗ. ಹೂಂ ಅನ್ನೋಕೆ ನಿಮ್ಮಾವ ಇಲ್ಲ. ಆ ಪುಸ್ತಕನಾದ್ರೂ ಹೂಂ ಅನ್ಲಿ."

ಗೋಡೆಯ ಆಚೆಯಿಂದ ಚಿಕ್ಕತ್ತೆ, ತಾನೂ ಬರುತ್ತೇನೆ, ಅಲ್ಲಿ ಏನು ಹೇಳುತ್ತಾರೆಂದು ತನ್ನ ಕಿವಿಯಲ್ಲೇ ಕೇಳಬೇಕು ಎಂದಳು. ಭಾನುವಾರ ನೋಡಿದರೆ ಇಬ್ಬರೂ ರೇಷ್ಮೆ ಸೀರೆ ಉಟ್ಟು ನಿಂತಿದ್ದರು. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತರು, ಒಬ್ಬಳ ಮುಖ ಕಿಟಕಿಯ ಕಡೆ, ಇನ್ನೊಬ್ಬಳದು ಬಾಗಿಲ ಕಡೆ. ನಾನು ಹಿಂದಿನ ಸೀಟಿನಲ್ಲಿ ಕಕ್ಷಿದಾರರಿಬ್ಬರನ್ನೂ ಒಂದೇ ಕೋರ್ಟಿಗೆ ಕರೆದೊಯ್ಯುತ್ತಿರುವ ಗುಮಾಸ್ತನ ಹಾಗೆ ಚೀಲ ಹಿಡಿದು ಕೂತಿದ್ದೆ.

ಸಭಾಂಗಣದಲ್ಲಿ ಮೊದಲು ಉಪ್ಪಿಟ್ಟು ಕೇಸರಿಬಾತು ಕೊಟ್ಟರು. ತಿಂದವರು ಎದ್ದು ಹೋಗಬಾರದು ಎಂದು ಬಾಗಿಲಲ್ಲೊಬ್ಬ ನಿಂತಿದ್ದ. ಪ್ರೊಫೆಸರು ಬಡಕಲು ಮನುಷ್ಯ, ಮೆಲು ದನಿ. ಜೀವಮಾನವೆಲ್ಲ ಶಾಸನ, ವೀರಗಲ್ಲು ಎಂದು ತಿರುಗಿದವರಂತೆ. ಕಲ್ಲುಗಳಲ್ಲಿ ಒಂದು ಒಳ್ಳೆಯ ಗುಣವಿದೆ, ಅವು ಎದುರು ಮಾತಾಡುವುದಿಲ್ಲ. ಕಲ್ಲು ಬಿಟ್ಟು ಬ್ಯಾಂಡಿಗೆ ಬಂದ ಪ್ರೊಫೆಸರಿಗೆ ಆ ಅನುಕೂಲ ಕಳೆದುಕೊಂಡದ್ದು ಇನ್ನೂ ತಿಳಿದಿರಲಿಲ್ಲ. ವೇದಿಕೆಯ ಮೇಲೆ ಅವರ ಪಕ್ಕ ಚೆಲುವಯ್ಯ ಎಂಬ ಮುದುಕರನ್ನು ಪೇಟ ತೊಡಿಸಿ ಕೂರಿಸಿದ್ದರು. ಕೆ.ಆರ್. ಪೇಟೆ ಕಡೆಯವರು. ಬ್ಯಾಂಡಿನ ಮೊದಲ ತಂಡದಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದವರು, ಆ ತಂಡದಲ್ಲಿ ಈಗ ಉಳಿದಿರುವವರು ಅವರೊಬ್ಬರೇ. ಹಲ್ಲಿಲ್ಲ, ಕಿವಿ ಮಂದ. ಭಾಷಣ ಶುರುವಾದ ಕೂಡಲೇ ಕಣ್ಣು ಮುಚ್ಚಿದರು.

ಭಾಷಣ ಚೆನ್ನಾಗಿತ್ತು. ಹಳೆಯ ವಾದ್ಯಗಳನ್ನು ಮೂಟೆ ಕಟ್ಟಿ ತಂದ ಹುಡುಗರು ಊರೊಳಗೆ ಅಭ್ಯಾಸ ಮಾಡಿದರೆ ಎಮ್ಮೆ ಹಾಲು ಕೊಡುವುದಿಲ್ಲ ಎಂದು ಬೈಸಿಕೊಂಡು ಕಬ್ಬಿನ ಗದ್ದೆಯೊಳಗೆ ನುಗ್ಗಿ ಊದುತ್ತಿದ್ದರಂತೆ. ಹೊರಗಿನವರಿಗೆ ಕಬ್ಬು ಅಲ್ಲಾಡುವುದು ಕಾಣುವುದು, ಒಳಗಿನಿಂದ ಗುಟುರು ಕೇಳುವುದು. ಹಂದಿ ನುಗ್ಗಿದೆ ಎಂದು ಒಮ್ಮೆ ಊರವರೆಲ್ಲ ತಮಟೆ ಬಡಿಯುತ್ತಾ ಸುತ್ತುವರಿದರಂತೆ. ಒಳಗಿದ್ದವರು ಆ ತಮಟೆಯ ಲಯಕ್ಕೆ ಸರಿಯಾಗಿ ಊದಿದರಂತೆ, ಅದೇ ಅವರ ಮೊದಲ ಕಛೇರಿಯಂತೆ. ಸಭೆ ನಕ್ಕಿತು. ಇದೂ ಯಾರೋ ಉಜ್ಜಿದ್ದೇ ಎಂದು ನನಗನ್ನಿಸಿತು. ಆದರೂ ನಕ್ಕೆ.

ಆಮೇಲೆ ಪ್ರೊಫೆಸರು ಕನ್ನಡಕ ಸರಿಮಾಡಿಕೊಂಡು, ಬ್ಯಾಂಡು ಬಾರಿಸಿದ ಮೊದಲನೇ ಮದುವೆ ನಾಗಮಂಗಲದ ಹತ್ತಿರದ ಒಂದು ಹಳ್ಳಿಯದು ಎಂದರು. ಮುಂದಿನ ಸಾಲಿನಲ್ಲಿ ಬಿಳಿ ಶರಟಿನ ಯಜಮಾನರೊಬ್ಬರು ಎದ್ದು ಸಭೆಗೆ ಕೈಮುಗಿದರು. ಅದು ಅವರ ಅಕ್ಕನ ಮದುವೆಯಂತೆ. ಅತ್ತೆಯ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಇತಿಹಾಸದಲ್ಲಿ ಯಾವುದೂ ಅಂತಿಮವಲ್ಲ ಎಂದೇನೋ ಪಿಸುಗುಟ್ಟಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಪುಣ್ಯ. ಕೇಳಿಸಿಕೊಂಡಿದ್ದರೆ ನನಗೇ ನಾಚಿಕೆಯಾಗುತ್ತಿತ್ತು.

ಪ್ರಶ್ನೆ ಕೇಳುವ ಹೊತ್ತು ಬಂತು. ಅತ್ತೆ ಎದ್ದು ನಿಂತಳು. ಮೈಕು ಕೈಗೆ ಬಂತು. ಎಷ್ಟೋ ಮದುವೆಗಳಲ್ಲಿ ಒಂದು ಉಸಿರಿಗೆ ಹೇಳಿದ ಕಥೆ ಮೈಕಿನ ಮುಂದೆ ಹೊರಡಲೇ ಇಲ್ಲ.

"ನನ್ ಮದ್ವೇಲಿ... ನಮ್ ಯಜಮಾನ್ರು ಇದ್ದಿದ್ರೆ..." ಎಂದಳು. ಅಷ್ಟೇ. ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದಳು. ಪಕ್ಕದ ಕುರ್ಚಿಯಲ್ಲಿ ಇದ್ದದ್ದು ಚಿಕ್ಕತ್ತೆ.

"ಕೊಡಕ್ಕ ಇತ್ಲಾಗೆ," ಎಂದು ಚಿಕ್ಕತ್ತೆ ಮೈಕು ಕಿತ್ತುಕೊಂಡಳು.

ಈಗ ಇವಳು ಟೋಪಿಯ ವಿಷಯ ತೆಗೆಯುತ್ತಾಳೆ, ಮಧ್ಯಾಹ್ನದೊಳಗೆ ಕಿರಂಗೂರಿನ ಗೋಡೆ ಇನ್ನೊಂದಡಿ ಮೇಲೇಳುತ್ತದೆ ಎಂದು ನಾನು ಚಪ್ಪಲಿ ಹುಡುಕತೊಡಗಿದೆ. ಆದರೆ ಚಿಕ್ಕತ್ತೆ ಹೇಳಿದ್ದು ಅತ್ತೆಯ ಮದುವೆಯ ಕಥೆ. ಒಬ್ಬೊಬ್ಬನದು ಒಂದೊಂದು ಬಣ್ಣದ ಅಂಗಿ. ಬರುತ್ತಿದ್ದದ್ದು ಒಂದೇ ಹಾಡು. ನಡುವೆ ನಿಂತರೆ ನಿಂತಲ್ಲಿಂದ ಮುಂದುವರಿಸಲು ಬರುತ್ತಿರಲಿಲ್ಲ, ಮತ್ತೆ ಮೊದಲಿನಿಂದಲೇ ಊದಬೇಕು. ಗಂಡಿನ ಗಾಡಿ ಊರೊಳಗೆ ಬಂದರೆ ಮನೆಮನೆಗೂ ಆರತಿ, ಮನೆಮನೆಗೂ ನಿಲ್ಲುವುದು. ಹಾಗಾಗಿ ಊರವರಿಗೆ ಹಾಡಿನ ತಲೆ ಬಾಯಿಪಾಠವಾಯಿತು, ಬಾಲ ಯಾರಿಗೂ ಕೇಳಲಿಲ್ಲ. ದೊಡ್ಡ ಡ್ರಮ್ಮಿನವನು ಹೊಟ್ಟೆಯ ಮೇಲಿನ ಡ್ರಮ್ಮಿನಿಂದ ದಾರಿ ಕಾಣದೆ ತಿಪ್ಪೆಗುಂಡಿಗೆ ಕಾಲಿಟ್ಟ. ಅವನು ಗುಂಡಿಯಲ್ಲಿ ಉಳಿದ, ಡ್ರಮ್ಮು ಉರುಳಿಕೊಂಡು ಹೋಯಿತು. ಬಾಸಿಂಗ ಕಟ್ಟಿದ್ದ ಮದುಮಗ ಗಾಡಿಯಿಂದ ಧುಮುಕಿ, ಓಡಿಹೋಗಿ ಅದನ್ನು ಹಿಡಿದು ತಂದುಕೊಟ್ಟ.

ಅತ್ತೆ ಎಲ್ಲಿ ನಿಲ್ಲಿಸುತ್ತಿದ್ದಳೋ ಇವಳೂ ಅಲ್ಲೇ ನಿಲ್ಲಿಸಿದಳು. ಡ್ರಮ್ಮು ಉರುಳಿದ್ದನ್ನು ಅತ್ತೆಯ ಹಾಗೆಯೇ ಬೆರಳು ಸುತ್ತಿ ತೋರಿಸಿದಳು. ಅಷ್ಟು ವರ್ಷ ಪಾತ್ರೆ ಬಡಿಯುತ್ತಾ ಇವಳು ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದಳು.

ಪ್ರೊಫೆಸರು ಮಗುವಿನ ಹಾಗೆ ಹಿಗ್ಗಿಹೋದರು. ತಾಯಿ, ಆ ಮದುವೆಯಲ್ಲಿ ನೀವೂ ಇದ್ದಿರಾ ಎಂದು ಕೇಳಿದರು.

"ಇಲ್ಲ ಬುಡಿ. ನಾನಾಗ ಅಕ್ಕಿಹೆಬ್ಬಾಳಲ್ಲಿ ಲಂಗ ಹಾಕ್ಕಂಡು ಕುಂಟೆಬಿಲ್ಲೆ ಆಡ್ತಿದ್ದೆ," ಎಂದಳು ಚಿಕ್ಕತ್ತೆ. "ಆದ್ರೆ ನಮ್ ಭಾವ ಇದ್ಕೆ ತಲೆ ಆಡುಸ್ತಿದ್ರು. ಅವ್ರು ಸುಳ್ಳಿಗೆ ತಲೆ ಆಡ್ಸೋ ಮನ್ಸ ಅಲ್ಲ."

ಇಂಥ ಸಾಕ್ಷ್ಯವನ್ನು ಏನು ಮಾಡಬೇಕೆಂದು ಪ್ರೊಫೆಸರಿಗೆ ತಿಳಿದಂತೆ ಕಾಣಲಿಲ್ಲ. ಅಷ್ಟರಲ್ಲಿ ನಾಗಮಂಗಲದ ಯಜಮಾನರು ಎದ್ದರು. ಹಾಡು ಮೊದಲಿನಿಂದ ಶುರುವಾಗುತ್ತಿದ್ದದ್ದು ತಮ್ಮೂರಿನಲ್ಲೂ ನಿಜ, ಆದರೆ ಬ್ಯಾಂಡಿನವರೇ ತಮ್ಮ ತಂದೆಯ ಕೈಹಿಡಿದು, ಇದೇ ನಮ್ಮ ಮೊದಲನೇ ಮದುವೆ, ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂದಿದ್ದರು ಎಂದರು. ಅತ್ತೆಗೆ ಥಟ್ಟನೆ ದನಿ ಬಂತು. ಅದೇ ಮಾತನ್ನು ತನ್ನ ಅಪ್ಪನಿಗೂ ಹೇಳಿದ್ದರು ಎಂದಳು. ಹಿಂದಿನ ಸಾಲಿನಿಂದ ಇನ್ನೊಬ್ಬಾಕೆ, ನಮ್ಮ ಚಿಕ್ಕಪ್ಪನ ಮದುವೆಯಲ್ಲೂ ಎಂದಳು. ಸಭೆಯೆಲ್ಲ ಚೆಲುವಯ್ಯನವರ ಕಡೆ ತಿರುಗಿತು. ಯಾರೋ ಅವರ ಕಿವಿಯಲ್ಲಿ ಪ್ರಶ್ನೆ ಕೂಗಿದರು. ಮುದುಕರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೋ ಎಂದುಕೊಂಡೆವು. ನಗುತ್ತಿದ್ದರು.

"ಎಲ್ರಿಗೂ ಅಂಗೇ ಯೋಳ್ತಿದ್ವಿ ಸ್ವಾಮಿ. ಮೊದಲ್ನೇ ಮದ್ವೆ ಅಂದ್ರೆ ಯಾರೂ ಬೈತಿರ್ಲಿಲ್ಲ. ಐಕ್ಳು, ಕಲೀತಾವೆ ಬುಡು ಅಂತ ಇನ್ನೊಂದು ಒಬ್ಬಟ್ಟು ಹಾಕೋರು. ಟೋಪಿ ಬಂದ್ಮೇಲೆ ಬುಟ್ಬುಟ್ವಿ. ಟೋಪಿ ಹಾಕ್ಕಂಡು ಅಂಗಂದ್ರೆ ಯಾರು ನಂಬ್ತರೆ?"

ಹಾಗಾದರೆ ನಿಜಕ್ಕೂ ಮೊದಲನೆಯದು ಯಾವುದು ಎಂದು ಪ್ರೊಫೆಸರು ಕೇಳಿದರು. ಮರೆತುಹೋಗಿದೆ ಎಂದುಬಿಟ್ಟರು ಮುದುಕರು. ಪ್ರೊಫೆಸರು ಕೈಯಲ್ಲಿದ್ದ ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು, ನನಗೆ ಕಲ್ಲೇ ವಾಸಿಯಾಗಿತ್ತು ಎಂದರು. ಹಾಗೆನ್ನುತ್ತಾ ಅವರು ನಕ್ಕದ್ದು ನೋಡಿದರೆ ಅವರಿಗೇ ಕಲ್ಲು ವಾಸಿ ಅನ್ನಿಸಿದ ಹಾಗೆ ಕಾಣಲಿಲ್ಲ.

ಸಭೆ ಮುಗಿದ ಮೇಲೆ ಜನ ಚೆಲುವಯ್ಯನವರನ್ನು ಮುತ್ತಿಕೊಂಡರು. ಅತ್ತೆಯೂ ಹೋದಳು. ಅವರು ಯಾವೂರವ್ವ ಎಂದರು. ಬಾಬುರಾಯನಕೊಪ್ಪಲು ಎಂದಳು. ಮುದುಕರು ಅವಳನ್ನು ಹತ್ತಿರ ಕರೆದು, ಕಿವಿ ಮಂದವಾದವರ ಪಿಸುಮಾತು ಎಷ್ಟು ದೂರ ಹೋಗಬಲ್ಲದೋ ಅಷ್ಟು ದೂರ ಕೇಳುವಂತೆ ಹೇಳಿದರು:

"ಯಾರ್ಗೂ ಯೋಳ್ಬೇಡಿ. ನಿಮ್ಮೂರ್ದೇ ಮೊದಲ್ನೇದು."

ಅತ್ತೆಯ ಮುಖ ಹೇಗಾಯಿತೆಂದು ವರ್ಣಿಸಲು ಹೋಗುವುದಿಲ್ಲ. ಅದನ್ನೂ ಉಜ್ಜಿಬಿಡುತ್ತೇನೆ ಎಂಬ ಭಯ. ನಾನು ಅಲ್ಲೇ ಸ್ವಲ್ಪ ಹಿಂದೆ ಉಳಿದೆ. ಅತ್ತೆಯ ನಂತರ ಮುದುಕರ ಬಳಿ ಬಂದವರು ನಾಗಮಂಗಲದ ಯಜಮಾನರು. ಅವರಿಗೂ ಅದೇ ಪಿಸುಮಾತು, ಅದೇ ಗುಟ್ಟು. ಇಷ್ಟು ವರ್ಷದ ಮೇಲೂ ಮುದುಕರು ಬ್ಯಾಂಡಿನ ಪದ್ಧತಿ ಬಿಟ್ಟಿರಲಿಲ್ಲ. ಅತ್ತೆಗೆ ಇದನ್ನು ಹೇಳಬಾರದೆಂದು ಅಲ್ಲೇ ತೀರ್ಮಾನಿಸಿದೆ. ನನ್ನಂಥವನಿಗೆ ಅದು ದೊಡ್ಡ ತ್ಯಾಗ.

ಬಸ್ಸು ಹೊರಟಿತು. ಮತ್ತೆ ಅದೇ ಒಂದು ಸೀಟಿನಲ್ಲಿ ಇಬ್ಬರೂ. ಸ್ವಲ್ಪ ದೂರ ಹೋದ ಮೇಲೆ ಅತ್ತೆಯೇ ಬಾಯಿ ಬಿಟ್ಟಳು.

"ಆ ಮುದುಕ ನಾಗಮಂಗ್ಲದೋನಿಗೂ ಅದ್ನೇ ಅಂದ ಕಣೆ. ಕೇಳುಸ್ತು ನಂಗೆ."

"ನಂಗೂ ಅದ್ನೇ ಅಂದ," ಎಂದಳು ಚಿಕ್ಕತ್ತೆ, ಕಿಟಕಿಯ ಕಡೆ ನೋಡುತ್ತಾ.

"ನಿಂಗ್ಯಾಕಂದಾನು? ಟೋಪಿ ಹಾಕ್ಕಂಡಲ್ವಾ ಬಂದಿದ್ದು ನಿನ್ ಮದ್ವೆಗೆ."

"ಯಾವೂರು ಅಂದ. ಬಾಬುರಾಯನಕೊಪ್ಪಲು ಅಂದೆ."

ಅತ್ತೆ ಅವಳನ್ನು ದಿಟ್ಟಿಸಿ ನೋಡಿದಳು. "ಯಾಕೆ ಅಂಗಂದೆ?"

"ಇನ್ನೊಂದ್ ಸಲ ಯೋಳ್ಲಿ ಅಂತ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಚಿಕ್ಕತ್ತೆಗೂ ತಡೆಯಲಾಗಲಿಲ್ಲ. ಕಂಡಕ್ಟರ್ ತನ್ನನ್ನೇ ನೋಡಿ ನಗುತ್ತಿದ್ದಾರೇನೋ ಎಂದು ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡ.

ಇವತ್ತು ಮಧ್ಯಾಹ್ನ ಶ್ರೀರಂಗಪಟ್ಟಣದ ಛತ್ರವೊಂದರಲ್ಲಿ ಮದುವೆಯೂಟಕ್ಕೆ ಮೂವರೂ ಒಂದೇ ಪಂಕ್ತಿಯಲ್ಲಿ ಕೂತಿದ್ದೆವು. ಹೊರಗೆ ಬ್ಯಾಂಡು ಶುರುವಾಯಿತು. ಎದುರು ಸಾಲಿನ ಹುಡುಗಿಯರ ಕಡೆ ನೋಡಿ ಅತ್ತೆ, ನಮ್ಮ ಜಯ ಒಂದು ಕಥೆ ಹೇಳುತ್ತಾಳೆ ಕೇಳಿ ಎಂದಳು. ಚಿಕ್ಕತ್ತೆ ಸೆರಗು ಸಿಕ್ಕಿಸಿಕೊಂಡು ಶುರು ಮಾಡಿದಳು. ಅವಳ ಕಥೆಯಲ್ಲಿ ಈಗ ಗಾಡಿಗೆ ಬಿಳಿ ಎತ್ತುಗಳು ಬಂದಿವೆ. ಡ್ರಮ್ಮು ಉರುಳಿ ತುಂಬಿ ಹರಿಯುವ ನಾಲೆಗೆ ಬೀಳುತ್ತದೆ. ಮಾವ ಬಾಸಿಂಗದ ಸಮೇತ ನಾಲೆಗೆ ಹಾರಿ ಈಜುತ್ತಾರೆ. ಮಾವನಿಗೆ ಈಜು ಬರುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಚಿಕ್ಕತ್ತೆ, ಅದು ತಿಪ್ಪೆಗುಂಡಿ ಅಲ್ಲವಾ ಎಂದೆ.

ಅತ್ತೆ ಎಲೆಯಿಂದ ತಲೆಯನ್ನೂ ಎತ್ತಲಿಲ್ಲ.

"ನೀನು ಸುಮ್ಕಿರ್ಲಾ. ಅವ್ಳು ಕಣ್ಣಾರೆ ನೋಡವ್ಳೆ."