ರೈಟ್ ಹೇಳುವವ

ರೈಟ್ ಎಂದರೆ ಸರಿ, ಬಲಗಡೆ, ಹಕ್ಕು ಎಂದೆಲ್ಲ ಶಾಲೆಯಲ್ಲಿ ಇಂಗ್ಲಿಷ್ ಮಾಷ್ಟ್ರು ಹೇಳಿಕೊಟ್ಟಿದ್ದರು. ಪುತ್ತೂರಿನಿಂದ ಇಚಿಲಂಪಾಡಿಗೆ ಹೋಗುವ ಬಸ್ಸಿಗೆ ಕಂಡಕ್ಟರ್ ಆದ ಮೇಲೆ ನನಗೆ ಅದರ ಒಂದೇ ಅರ್ಥ ಉಳಿಯಿತು: ಹೊರಡು.

ನಮ್ಮ ಡ್ರೈವರ್ ಮೋನಪ್ಪಣ್ಣನಿಗೆ ಕನ್ನಡಿಯಲ್ಲಿ ಎಲ್ಲ ಕಾಣುತ್ತಿತ್ತು. ಆದರೂ ನಾನು ರೈಟ್ ಹೇಳದೆ ಬಸ್ಸು ಕದಲಿಸುತ್ತಿರಲಿಲ್ಲ. "ಹಿಂದಿನ ಬಾಗಿಲು ನಿನ್ನದು ಮಾರಾಯ. ನಿನ್ನ ಬಾಯಿಂದ ಬರದೆ ನಾನು ಹೋಗುದಿಲ್ಲ" ಎನ್ನುತ್ತಿದ್ದರು.

ಕಳೆದ ವರ್ಷ ಎದೆನೋವು ಬಂದು ಅವರು ತೀರಿಕೊಂಡರು. ಸ್ಮಶಾನಕ್ಕೆ ಒಯ್ಯಲು ಮನೆಯಂಗಳದಲ್ಲಿ ಅವರನ್ನು ಆಂಬುಲೆನ್ಸಿಗೆ ಏರಿಸಿ ಬಾಗಿಲು ಹಾಕಿದೆವು. ಗಾಡಿ ಹೊರಡಲಿಲ್ಲ. ಯಾರಾದರೂ ಹೇಳಲಿ ಎಂದು ಅದರ ಡ್ರೈವರ್ ಕಾಯುತ್ತಿದ್ದ. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮೋನಪ್ಪಣ್ಣನ ಹೆಂಡತಿ ಲಲಿತಕ್ಕ ನನ್ನ ಕಡೆ ತಿರುಗಿದರು. "ನೀನು ಹೇಳು. ನೀನು ಹೇಳದೆ ಅವರು ಹೊರಡುವವರಲ್ಲ."

ನನ್ನ ಬಾಯಿಗೆ ಬಂದದ್ದು ಬಸ್ಸು ನಿಲ್ಲಿಸುವಾಗ ಹೇಳುವ "ಹೋಲ್ಡಾನ್". ಅದನ್ನು ನುಂಗಿಕೊಂಡು, ಹಿಂದಿನ ಬಾಗಿಲು ತಟ್ಟಿ, "ರೈಟ್" ಅಂದೆ. ಗಾಡಿ ಹೊರಟಿತು.

ಆ ಇಂಗ್ಲಿಷ್ ಮಾಷ್ಟ್ರು ಎಂದಾದರೂ ನನ್ನ ಬಸ್ಸು ಹತ್ತಿದರೆ ಒಂದು ಮಾತು ಕೇಳಲಿಕ್ಕುಂಟು: ಆ ದಿನದ ರೈಟಿನಲ್ಲಿ ಸರಿ ಎಂತ ಇತ್ತು ಮಾರಾಯ್ರೆ?